ಮಾತು ಹೋಗಿದೆ, ಬುದ್ಧಿ ಹೋಗಿಲ್ಲ

‘ತ್ರೆಮಾ ಗಿರಾನುಂದಿ?’

ಏನೆಂದು ತಿಳಿಯಿತೆ? ‘ಮಾತ್ರೆ ನುಂಗಿದಿರಾ’ ಎಂಬ ದಿನನಿತ್ಯದ ಪ್ರಶ್ನೆಯ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಇಲ್ಲಿ ಅಚ್ಚು ಹಾಕಿದೆ. ಪಾರ್ಶ್ವವಾಯುವಿಗೆ ತುತ್ತಾದ ಕೆಲವರಿಗೆ ಮನೆಮಂದಿಯ ಮಾತು ಹೆಚ್ಚುಕಡಿಮೆ ಹೀಗೆ ಕೇಳಿಸುತ್ತದೆ. ಇನ್ನು ಕೆಲವರಿಗೆ ಕೇಳಿದ್ದು ಅರ್ಥವಾಗುತ್ತದೆ. ಉತ್ತರ ಮಾತ್ರ ‘ಅದು... ಬಿಸಿ... ಚಪ್ಪಲಿ... ಅಲ್ಲ, ಅಲ್ಲ’ ಎಂದು ಹೊರಬರುತ್ತದೆ. ಅವರಿಗೆ ಬೇಕಾಗಿದ್ದು ಒಂದು ಲೋಟ ಕಾಫಿ!

ಹೀಗೆ ಪುಟದ ಮೇಲೆ ಅಕ್ಷರ ಕಲೆಸಿ, ಪದದ ಜಾಗ ಖಾಲಿ ಬಿಟ್ಟು ರೋಗಿಯ ಪಾಡನ್ನು ಕಣ್ಣಿಗೆ ಕಾಣಿಸುವುದು ವಿನ್ಯಾಸಕಾರರ ಒಂದು ಉಪಾಯ. ಹತ್ತು ನಿಮಿಷದ ಉಪದೇಶಕ್ಕಿಂತ ಇಂಥ ಒಂದು ಸಾಲು ಮನೆಯವರಿಗೆ ಬೇಗ ನಾಟುತ್ತದೆ.

ವೈದ್ಯರು ‘ಅಫೇಸಿಯಾ’ ಎನ್ನುವ ಈ ತೊಂದರೆ ಪಾರ್ಶ್ವವಾಯು ಪೀಡಿತರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಬಹುತೇಕರಲ್ಲಿ ಮಾತಿನ ಕೇಂದ್ರಗಳಿರುವುದು ಮಿದುಳಿನ ಎಡಭಾಗದಲ್ಲಿ. ಅಲ್ಲಿ ಹಾನಿಯಾದರೆ ಪದಗಳ ಉಗ್ರಾಣಕ್ಕೇ ಬೀಗ ಬಿದ್ದಂತೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ‘ಟಾನ್’ ಎಂಬುದನ್ನು ಬಿಟ್ಟು ಹೆಚ್ಚೇನೂ ಆಡಲಾಗದ ರೋಗಿಯೊಬ್ಬನ ಮಿದುಳನ್ನು ಆತ ಸತ್ತ ಮೇಲೆ ಪರೀಕ್ಷಿಸಿ, ಎಡ ಮುಂಭಾಗದ ಹಾನಿಯನ್ನು ತೋರಿಸಿದ. ಆ ರೋಗಿ ಇತರರ ಮಾತನ್ನು ಬಹುಮಟ್ಟಿಗೆ ಗ್ರಹಿಸುತ್ತಿದ್ದ, ಕೈಸನ್ನೆಯಿಂದ ಉತ್ತರಿಸುತ್ತಿದ್ದ.

ಆದ್ದರಿಂದ ಕಿವುಡರೊಂದಿಗೆಂಬಂತೆ ಕೂಗಬೇಡಿ, ಮಗುವಿಗೆಂಬಂತೆ ಮುದ್ದು ಮಾತೂ ಬೇಡ. ಒಂದು ರಟ್ಟು ತೆಗೆದುಕೊಳ್ಳಿ. ಓದುವ ಶಕ್ತಿಯೂ ಕುಂದಿರಬಹುದಾದ್ದರಿಂದ ಬರಹವೊಂದನ್ನೇ ನಂಬಬೇಡಿ, ಚಿತ್ರ ಅಂಟಿಸಿ. ಅಂಗಡಿಯ ಪಟಕ್ಕಿಂತ ಅವರದೇ ಲೋಟ, ಅವರದೇ ಕನ್ನಡಕ, ಮೊಮ್ಮಗಳ ಫೋಟೊ ಒಳ್ಳೆಯದು. ಚಿತ್ರಗಳು ದೊಡ್ಡದಿರಲಿ, ನಡುವೆ ಧಾರಾಳವಾಗಿ ಜಾಗವಿರಲಿ. ಆರೆಂಟು ಸಾಕು, ನಲವತ್ತು ತುರುಕಿದರೆ ಅವರು ಹುಡುಕುವುದರಲ್ಲೇ ಸೋಲುತ್ತಾರೆ. ‘ಹೌದು’, ‘ಇಲ್ಲ’ ಎಂಬುದಕ್ಕೆ ಬೇರೆಬೇರೆ ಗುರುತು, ನೋವು ಎಲ್ಲಿದೆಯೆಂದು ತೋರಿಸಲು ಮನುಷ್ಯಾಕೃತಿ ಇರಲೇಬೇಕು. ಬಲಗೈ ಸೋತವರಿಗೆ, ಬಲಬದಿಯ ನೋಟ ಮಸುಕಾದವರಿಗೆ ರಟ್ಟನ್ನು ಎಡಬದಿಗೆ ಹಿಡಿಯಬೇಕು. ಬೆರಳಿಟ್ಟು ತೋರಿಸುವವರೆಗೆ ಕಾಯಿರಿ. ನಡುವೆ ಬಾಯಿ ಹಾಕಿ ನೀವೇ ಪದ ಪೂರೈಸಬೇಡಿ.

ಅವರು ಹೊರಗೆ ಹೋಗುವಾಗ ಜೇಬಿನಲ್ಲೊಂದು ಚೀಟಿಯಿರಲಿ: ‘ನನಗೆ ಪಾರ್ಶ್ವವಾಯು ಆಗಿತ್ತು. ಮಾತು ತಡವಾಗುತ್ತದೆ. ದಯವಿಟ್ಟು ನಿಧಾನವಾಗಿ ಮಾತನಾಡಿ.’ ಕುಡಿದಿದ್ದಾರೆಂದು ಬಸ್ಸಿನಲ್ಲಿ ಜನ ತಪ್ಪು ತಿಳಿಯುವುದಾದರೂ ತಪ್ಪುತ್ತದೆ.

ರಟ್ಟು ಚಿಕಿತ್ಸೆಯ ಬದಲಿಯಲ್ಲ. ವಾಕ್ ಚಿಕಿತ್ಸೆಯನ್ನು ಬೇಗನೆ ಆರಂಭಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ಸೌಲಭ್ಯವಿದೆ. ವರ್ಷ ಕಳೆದ ಮೇಲೂ ಸುಧಾರಣೆ ಕಂಡವರಿದ್ದಾರೆ.

ಅಂದಹಾಗೆ, ರಟ್ಟಿನ ಮೂಲೆಯಲ್ಲಿ ‘ನಾನು ಹೇಳಬೇಕಾದ್ದು ಇದರಲ್ಲಿಲ್ಲ’ ಎಂಬುದಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಬರೆಯುವುದನ್ನು ಮರೆಯಬೇಡಿ.