ಕೂಸಿನ ಕಾಲಿನ ನಾಡಿ

ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ನೋಡುವುದನ್ನು ನಾವೆಲ್ಲರೂ ಬಲ್ಲೆವು. ಅಂಥದೇ ಮಿಡಿತವು ಪಾದದಲ್ಲಿಯೂ ಉಂಟು. ಹೃದಯಪರೀಕ್ಷೆ ಮುಗಿದ ಕೂಸಿನ ಪಾದದಲ್ಲಿ ದಾದಿಯರು ಇದನ್ನು ಮತ್ತೆ ಮತ್ತೆ ಹುಡುಕುತ್ತಾರೆ. ಅದು ಸಿಕ್ಕದೆ, ಕಾಲು ಬಿಳಿಚಿ ತಣ್ಣಗಾದರೆ ವೈದ್ಯರು ತಡಮಾಡುವಂತಿಲ್ಲ. ಹೃದಯದ ಪರೀಕ್ಷೆಗೂ ಕಾಲಿನ ನಾಡಿಗೂ ಏನು ಸಂಬಂಧ?

1929ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳದ ಮೂಲಕ ತೆಳುವಾದ ನಳಿಕೆಯೊಂದನ್ನು ಹೃದಯದವರೆಗೂ ತೂರಿಸಿಕೊಂಡನು. 1956ರ ನೊಬೆಲ್ ಪಾರಿತೋಷಕದಲ್ಲಿ ಆತನಿಗೂ ಪಾಲು ದೊರೆಯಿತು. ಕ್ಯಾತಿಟರ್ ಎಂಬ ಈ ನಳಿಕೆಯಿಂದ ಇಂದು ಮಕ್ಕಳ ಹುಟ್ಟುದೋಷಗಳನ್ನು ಅರಿಯುವುದಷ್ಟೇ ಅಲ್ಲ, ಕೆಲವನ್ನು ಎದೆ ಕೊಯ್ಯದೆಯೇ ಸರಿಪಡಿಸುವುದೂ ಸಾಧ್ಯವಾಗಿದೆ. ಧಮನಿಯ ಮಾರ್ಗ ಬೇಕಾದಾಗ ಅದನ್ನು ಹೆಚ್ಚಾಗಿ ತೊಡೆಯ ಸಂದಿಯಿಂದ ಒಳಗೆ ಬಿಡುತ್ತಾರೆ.

ತೊಡಕು ಇರುವುದು ಅಳತೆಯಲ್ಲಿ. ಶಿಶುವಿನ ತೊಡೆಯ ಧಮನಿಯ ಅಗಲ ಕೆಲವೇ ಮಿಲಿಮೀಟರು. ಸಣ್ಣ ನಳಿಕೆಯೊಂದರ ದಪ್ಪವೇ ಸುಮಾರು 1.3 ಮಿಲಿಮೀಟರು. ಹೀಗೆ ಒತ್ತರಿಸಲ್ಪಟ್ಟ ಧಮನಿಯು ಸೆಟೆದು ಸಂಕುಚಿತವಾಗಬಹುದು. ಒಳಪದರ ಗಾಯಗೊಂಡರೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸೆಡೆತವು ಕೆಲವು ಗಂಟೆಗಳಲ್ಲಿ ತಾನಾಗಿ ಸಡಿಲುವುದುಂಟು, ಹೆಪ್ಪು ಹಾಗಲ್ಲ. ಶ್ರವಣಾತೀತ ಧ್ವನಿತರಂಗಗಳ ಪರೀಕ್ಷೆಯಿಂದ ಎರಡರ ಭೇದ ತಿಳಿಯುತ್ತದೆ.

ಮೊದಲ ಔಷಧ ಹೆಪಾರಿನ್. ಪರೀಕ್ಷೆಯ ವೇಳೆಯಲ್ಲಿಯೇ ಇದನ್ನು ಕೊಟ್ಟರೆ ಹೆಪ್ಪುಗಟ್ಟುವ ಪ್ರಸಂಗಗಳು ನೂರಕ್ಕೆ 40ರಿಂದ 8ಕ್ಕೆ ಇಳಿದುವೆಂದು 1974ರಲ್ಲಿ ಬಾಸ್ಟನ್ನಿನ ವೈದ್ಯರು ತೋರಿಸಿದರು. ಆದರೆ ಹೆಪಾರಿನ್ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸ ದೇಹದ್ದೇ. ಬಹುಮಂದಿ ಮಕ್ಕಳಿಗೆ ಇಷ್ಟು ನೆರವೇ ಸಾಕಾಗುತ್ತದೆ.

ಸಾಲದಿದ್ದರೆ ಹೆಪ್ಪನ್ನು ಕರಗಿಸುವ ಮದ್ದನ್ನು ಕೊಡಬೇಕು. ಅದು ರಕ್ತದಲ್ಲಿರುವ ಪ್ಲಾಸ್ಮಿನೊಜೆನ್ ಎಂಬ ವಸ್ತುವನ್ನು ಎಚ್ಚರಿಸಿ ಅದರಿಂದ ಕೆಲಸ ಮಾಡಿಸುತ್ತದೆ. ನವಜಾತ ಶಿಶುವಿನಲ್ಲಿ ಈ ವಸ್ತು ದೊಡ್ಡವರಲ್ಲಿರುವುದರ ಅರ್ಧದಷ್ಟು ಮಾತ್ರ; ಆದುದರಿಂದ ಕೆಲವೊಮ್ಮೆ ರಕ್ತರಸವನ್ನೂ ಜೊತೆಗೆ ಕೊಡುತ್ತಾರೆ. ಚುಚ್ಚಿದ ಗಾಯದಿಂದಲೋ, ಇನ್ನೂ ಭಯಂಕರವಾಗಿ ಮಿದುಳಿನಲ್ಲಿಯೋ ರಕ್ತಸ್ರಾವವಾಗುವ ಅಪಾಯವೂ ಈ ಮದ್ದಿಗುಂಟು. ಕಾಲನ್ನು ಉಳಿಸುವ ಆತುರವು ಪ್ರಾಣಕ್ಕೆ ಎರವಾಗಬಾರದು.

ಹಾಗಾದರೆ ಕೂಡಲೆ ಶಸ್ತ್ರಕ್ರಿಯೆ ಮಾಡಬಾರದೆ? ತುದಿಯಲ್ಲಿ ಪುಟ್ಟ ಬುಗ್ಗೆಯುಳ್ಳ ನಳಿಕೆಯಿಂದ ಹೆಪ್ಪನ್ನು ಹೊರಕ್ಕೆಳೆಯುವ ಉಪಾಯವನ್ನು ಅಮೆರಿಕದ ತಾಮಸ್ ಫೋಗರ್ಟಿ 1963ರಲ್ಲಿ ಪ್ರಕಟಿಸಿದನು. ದೊಡ್ಡವರಿಗೆ ಅದು ವರವಾಯಿತು. ಎಳೆಯ ಧಮನಿಯಲ್ಲಾದರೋ ಆ ಬುಗ್ಗೆಯೇ ಒಳಪದರವನ್ನು ಇನ್ನಷ್ಟು ಗಾಯಗೊಳಿಸಬಹುದು. ಆದಕಾರಣ ಕಾಲಿಗೆ ನಿಜವಾಗಿ ಕೇಡು ಒದಗುವಂತಿದ್ದು, ಮದ್ದು ಫಲಿಸದಿದ್ದಾಗ ಅಥವಾ ಕೊಡಲಾಗದಿದ್ದಾಗ ಮಾತ್ರ ಶಸ್ತ್ರವೈದ್ಯರು ಈ ಕೆಲಸಕ್ಕೆ ಕೈಹಾಕುತ್ತಾರೆ.

ಮಕ್ಕಳ ದೇಹವು ಅಕ್ಕಪಕ್ಕದ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಕಾಲಿಗೆ ರಕ್ತವನ್ನು ಒದಗಿಸಬಲ್ಲದು. ಇದು ನಿಸರ್ಗದ ಕೃಪೆ. ಮೋಸವೂ ಅದರಲ್ಲಿಯೇ ಇದೆ. ಕಾಲು ಬೆಚ್ಚಗಾಯಿತೆಂದು ಹಿರಿಯರು ನೆಮ್ಮದಿಗೊಳ್ಳುತ್ತಾರೆ; ಧಮನಿ ಮುಚ್ಚಿಯೇ ಉಳಿದಿದ್ದರೆ, ವರ್ಷಗಳು ಕಳೆದಂತೆ ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಬೆಳೆಯುವುದುಂಟು. ಬೆಳೆಯುವ ಕಾಲಿಗೆ ಬದುಕಿ ಉಳಿಯುವಷ್ಟು ರಕ್ತ ಸಾಲದು, ಬೆಳೆಯುವಷ್ಟು ಬೇಕು. ಪಾದ ಬೆಚ್ಚಗಾದ ಮೇಲೂ ಅದರ ನಾಡಿಯನ್ನು ಹುಡುಕುವುದು ಈ ಕಾರಣಕ್ಕಾಗಿ.