ಕಿರಣಚಿಕಿತ್ಸೆಯೂ ದಾಂಪತ್ಯವೂ

ಧರ್ಮಾರ್ಥಮೋಕ್ಷಗಳೊಡನೆ ಕಾಮವನ್ನೂ ಪುರುಷಾರ್ಥವೆಂದು ಎಣಿಸಿದವರು ನಮ್ಮ ಪೂರ್ವಿಕರು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಹೀಗಿದ್ದರೂ, ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯಲ್ಲಿ ಸಕ್ಕರೆಕಾಯಿಲೆಯನ್ನೂ ರಕ್ತದೊತ್ತಡವನ್ನೂ ಕುರಿತು ಮುಚ್ಚುಮರೆಯಿಲ್ಲದೆ ಮಾತನಾಡುವ ಹಿರಿಯರು, ಪ್ರಾಸ್ಟೇಟ್ ಗ್ರಂಥಿಯ ಅರ್ಬುದರೋಗಕ್ಕೆ ಕಿರಣಚಿಕಿತ್ಸೆಯಾದ ಬಳಿಕ ದಾಂಪತ್ಯಸುಖಕ್ಕೆ ಒದಗುವ ಕುಂದನ್ನು ವೈದ್ಯರಲ್ಲಿ ಹೇಳಲೂ ನಾಚುವರು. ಈ ಸಂಕೋಚದಿಂದ ನಷ್ಟವೇ ಹೊರತು ಲಾಭವಿಲ್ಲ.

ಈ ಗ್ರಂಥಿಯು ಮೂತ್ರಾಶಯದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವುದು. ಶಿಶ್ನೋತ್ಥಾನಕ್ಕೆ ಕಾರಣವಾದ ಸೂಕ್ಷ್ಮ ನರಗಳೂ ರಕ್ತನಾಳಗಳೂ ಅದರ ಬಳಿಯಲ್ಲಿಯೇ ಹಾದುಹೋಗುವುವು. ಶಸ್ತ್ರಚಿಕಿತ್ಸೆಯಿಂದಾದ ಹಾನಿಯು ಒಡನೆಯೇ ಕಾಣುವುದು. ಕಿರಣಗಳಿಂದಾದುದು ತಿಂಗಳುಗಳೂ ವರ್ಷಗಳೂ ಕಳೆದಂತೆ ಮೆಲ್ಲಮೆಲ್ಲನೆ ತೋರುವುದು. ಆದಕಾರಣ ಇದನ್ನು ಬರಿಯ ಮುಪ್ಪೆಂದು ಭಾವಿಸಿ ಸುಮ್ಮನಾಗುವುದು ಸುಲಭ. ವೃಷಣಗಳ ಸ್ರಾವವೇ ಈ ರೋಗವನ್ನು ಪೋಷಿಸುವುದೆಂದು ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. ಅದನ್ನು ತಗ್ಗಿಸುವ ಔಷಧವನ್ನೂ ಕಿರಣಗಳೊಡನೆ ಕೊಟ್ಟಲ್ಲಿ ಇಚ್ಛೆಯೇ ಕುಗ್ಗುವುದು. ಔಷಧವನ್ನು ನಿಲ್ಲಿಸಿದ ಮೇಲೆ ಹಲವರಿಗೆ ಕಾಲಕ್ರಮದಲ್ಲಿ ಅದು ಮರಳುವುದೂ ಉಂಟು.

ತಡಾಲಫಿಲ್ ಗುಳಿಗೆಯನ್ನು ನಿತ್ಯವೂ ಸೇವಿಸಿದರೆ ಶಕ್ತಿಯು ಉಳಿಯುವುದೆಂಬ ಆಸೆ ವೈದ್ಯರಲ್ಲಿತ್ತು. ಆದರೆ 242 ಮಂದಿ ರೋಗಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಕ್ಕೆ 5 ಮಿಲಿಗ್ರಾಂನಂತೆ 24 ವಾರ ಅದನ್ನು ಸೇವಿಸಿದವರಿಗೂ ಔಷಧವಿಲ್ಲದ ಗುಳಿಗೆ ನುಂಗಿದವರಿಗೂ ಗಣನೀಯ ಭೇದ ಕಾಣಲಿಲ್ಲ. ಹಾಗೆಂದು ನಿರಾಶರಾಗಬೇಕಿಲ್ಲ. ತೊಂದರೆ ತೋರಿದ ಮೇಲೆ ಈ ಗುಳಿಗೆಯೂ, 1998ರಲ್ಲಿ ಬಳಕೆಗೆ ಬಂದ ಸಿಲ್ಡೆನಾಫಿಲ್ ಗುಳಿಗೆಯೂ ಅನೇಕರಿಗೆ ಫಲಕೊಡುವುವು. ಎದೆನೋವಿಗೆ ನೈಟ್ರೇಟ್ ಸೇವಿಸುವವರಿಗಾದರೋ ಇವು ಪ್ರಾಣಾಪಾಯಕರ. ಆದುದರಿಂದ ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗತಕ್ಕದ್ದಲ್ಲ. ಗುಳಿಗೆ ಫಲಿಸದಿದ್ದಲ್ಲಿ ಗಾಳಿಯನ್ನು ಹೀರಿ ರಕ್ತವನ್ನು ಸೆಳೆಯುವ ಪಂಪೂ, ಚುಚ್ಚುಮದ್ದೂ ಇರುವುವು.

ಹೊಗೆಸೊಪ್ಪನ್ನು ಬಿಡುವುದು, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಯಲ್ಲಿಡುವುದು, ಕುಂದುವಾಡ ಕೆರೆಯ ದಂಡೆಯ ಮೇಲೆ ನಿತ್ಯವೂ ಅಡ್ಡಾಡುವುದು, ಇವೆಲ್ಲ ರಕ್ತನಾಳಗಳಿಗೆ ಹಿತಕರ.

ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಚಿಕಿತ್ಸೆಯು ತೊಡಗುವ ಮೊದಲೇ ಪತ್ನೀಸಮೇತರಾಗಿ ವೈದ್ಯರ ಬಳಿ ಕುಳಿತು, ಈಗ ಇರುವ ಶಕ್ತಿಯೆಷ್ಟು, ಮುಂದೆ ಏನಾಗಬಹುದು, ರೋಗಶಮನಕ್ಕೆ ಕುಂದಿಲ್ಲದಂತೆ ಆ ರಕ್ತನಾಳಗಳಿಗೆ ತಗಲುವ ಕಿರಣವನ್ನು ಕಡಿಮೆ ಮಾಡಬಹುದೇ, ಎಂಬುದನ್ನು ಸ್ಪಷ್ಟವಾಗಿ ಕೇಳಿ ತಿಳಿಯತಕ್ಕದ್ದು. ಪ್ರಾಣರಕ್ಷಣೆಯೇ ಮೊದಲು, ನಿಜ. ಆದರೆ ಉಳಿದ ಪ್ರಾಣವು ಸತಿಪತಿಗಳಿಬ್ಬರದು. ಗಂಡನ ಮೌನವನ್ನು ಹೆಂಡತಿಯು ತಿರಸ್ಕಾರವೆಂದು ತಿಳಿದರೆ, ಯಾವ ಗುಳಿಗೆಯೂ ಅದನ್ನು ವಾಸಿಮಾಡಲಾರದು.