ನಮ್ಮ ಹತ್ತಿಗೆಂದು ಹಾಕಿದ ಗೋವಾ ಹಳಿ

ಗುಂತಕಲ್ಲಿನಿಂದ ಬಳ್ಳಾರಿಗೆ ಬರುವ ರೈಲು ಹಳಿ ನಮ್ಮ ಹೊಲದಿಂದ ಎರಡು ಫರ್ಲಾಂಗು ದೂರ. ನಾನು ಸಣ್ಣವನಿದ್ದಾಗ ನಮ್ಮ ತಾತ ಆ ಹಳಿ ತೋರಿಸಿ, "ಇದನ್ನೇ ಹಿಡಿದು ಪಡುವಲಕ್ಕೆ ಹೋದ್ರೆ ಗೋವಾ ಸಮುದ್ರ ಸಿಗ್ತದೆ ನೋಡಪ್ಪಾ, ಮೂಡಲಕ್ಕೆ ಹೋದ್ರೆ ಬೆಜವಾಡ" ಅನ್ನುತ್ತಿದ್ದ. ಬೆಜವಾಡ ನಮಗೆ ಗೊತ್ತಿತ್ತು, ನೆಂಟರಿದ್ದರು. ಗೋವಾಕ್ಕೂ ನಮಗೂ ಏನು ಸಂಬಂಧ ಅನ್ನುವುದು ತಿಳಿಯುತ್ತಿರಲಿಲ್ಲ. ಆಮೇಲೆ ಓದಿ, ಕೇಳಿ, ಹೋಗಿ ನೋಡಿ ಬಂದ ಮೇಲೆ ಗೊತ್ತಾಯಿತು. ಗೋವಾಕ್ಕೆ ರೈಲು ಬಂದದ್ದೇ ನಮ್ಮ ಕರಿ ನೆಲದ ಹತ್ತಿಯ ಆಸೆಗೆ.

ಕಥೆ 1860ರ ದಶಕದಿಂದ ಶುರುವಾಗುತ್ತದೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಆಗ ಬಿಳಿಯರ ಕಣ್ಣು ಧಾರವಾಡ, ಗದಗ, ಬಳ್ಳಾರಿ ಸೀಮೆಯ ಹತ್ತಿಯ ಮೇಲೆ ಬಿತ್ತು. ಹತ್ತಿ ಹಡಗಿಗೇರಲು ಹತ್ತಿರದ ಬಂದರು ಬೇಕು. ಕಾರವಾರ ಅಂತ ಗೊತ್ತುಮಾಡಿ, ಅದಕ್ಕಾಗಿಯೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಜಿಲ್ಲೆಯೇನೋ ಆ ಕಡೆ ಹೋಯಿತು, ರೈಲು ಮಾತ್ರ ಬರಲಿಲ್ಲ. ಹುಬ್ಬಳ್ಳಿಯಿಂದ ಆ ಕರಾವಳಿಗೆ ಇಳಿಯಬೇಕಾದ ಹಳಿ ಇವತ್ತಿಗೂ ಆಗಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಸುದ್ದಿಯನ್ನು ನೀವೂ ಓದಿ ಓದಿ ಬೇಸತ್ತಿರುತ್ತೀರಿ.

ಕಾರವಾರದ ಬಾಯಿಯ ತುತ್ತು ಮಾರ್ಮಗೋವಾಕ್ಕೆ ಹೋದದ್ದು ಒಂದು ಒಪ್ಪಂದದಿಂದ. 1878ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಲಿಸ್ಬನ್ನಿನಲ್ಲಿ ಸಹಿ ಹಾಕಿದರು, 1880ರಲ್ಲಿ ಅದು ಜಾರಿಗೆ ಬಂತು. ಗಡಿಯ ಸುಂಕದ ಕಟ್ಟೆಗಳು ಎದ್ದುಹೋದವು. ಗೋವಾದ ಉಪ್ಪಿನ ಹಿಡಿತ ಬ್ರಿಟಿಷರಿಗೆ ಸಿಕ್ಕಿತು. ಬದಲಿಗೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಗೋವಾ ಸರ್ಕಾರಕ್ಕೆ. ಜೊತೆಗೆ ಮಾರ್ಮಗೋವಾದಲ್ಲಿ ಬಂದರು, ಅಲ್ಲಿಂದ ಘಟ್ಟದ ಮೇಲಕ್ಕೆ ರೈಲು. 1881ರಲ್ಲಿ ಲಂಡನ್ನಿನಲ್ಲಿ ಕಂಪನಿ ಹುಟ್ಟಿತು, ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ಗ್ಯಾರಂಟೀಡ್ ರೈಲ್ವೆ ಅಂತ ಹೆಸರು. ಗ್ಯಾರಂಟೀಡ್ ಅಂದರೆ, ಲಾಭ ಬರಲಿ ಬಿಡಲಿ, ಹಣ ಹೂಡಿದವರಿಗೆ ಬಡ್ಡಿ ಕೊಡುವ ಜವಾಬ್ದಾರಿ ಪೋರ್ಚುಗೀಸ್ ಸರ್ಕಾರದ್ದು. ನಮ್ಮ ಪೇಟೆಯ ದಲಾಲರಿಗೆ ಇಂಥ ವ್ಯಾಪಾರ ಸಿಕ್ಕಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ.

ಘಟ್ಟದ ಈ ಕಡೆಯ ಕೆಲಸ ಸದರ್ನ್ ಮರಾಠಾ ರೈಲ್ವೆಯದು, 1882ರಲ್ಲಿ ಆದ ಕಂಪನಿ. ಹತ್ತಿಯ ಜೊತೆಗೆ ಅದರ ಬೆನ್ನಿಗೆ ಬರವೂ ಇತ್ತು. 1876–78ರ ಬರವನ್ನು ನಮ್ಮಲ್ಲಿ ಕನ್ನಡದವರು ಧಾತು ಬರ ಅಂತಾರೆ, ತೆಲುಗರು ಧಾತ ಕರುವು ಅಂತಾರೆ. ಎರಡು ಭಾಷೆಯವರ ಹೊಟ್ಟೆಯೂ ಒಂದೇ ರೀತಿ ಸುಟ್ಟಿತ್ತು. ಹೊರಗಿನಿಂದ ಕಾಳು ತರಲು ದಾರಿಯಿಲ್ಲದೆ ಜನ ಸತ್ತರು ಅಂತ ಆಮೇಲೆ ಬರದ ಸೀಮೆಗೆಲ್ಲ ರೈಲು ಹಾಕುವ ಮಾತು ಬಂತು. 1885ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ಎದ್ದಿತು. 1887ರಲ್ಲಿ ಮಾರ್ಮಗೋವಾದಿಂದ ಸಾವರ್ಡೆವರೆಗೆ ಗಾಡಿ ಓಡಿತು, 1888ರಲ್ಲಿ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮುಟ್ಟಿ ನಮ್ಮ ಹಳಿಗೆ ಕೂಡಿಕೊಂಡಿತು. ಗೋವಾ ಕಡೆಯದು ಸುಮಾರು 82 ಕಿಲೋಮೀಟರ್. ಅಲ್ಲಿಯವರೆಗೆ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದ ಲಂಬಾಣಿಗರ ಕಸುಬಿಗೆ ರೈಲು ಮಣ್ಣು ಹಾಕಿತು. ಸಂಡೂರು, ಹೊಸಪೇಟೆ ಕಡೆಯ ತಾಂಡಾದವರು ಈಗ ಅದೇ ರೈಲು ಹತ್ತಿ ಗೋವಾಕ್ಕೆ ಕೂಲಿಗೆ ಹೋಗುತ್ತಾರೆ.

ಈ ಘಟ್ಟವನ್ನು ನಾನು ಮೊದಲು ಕಂಡದ್ದು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ. ವಾಸ್ಕೋದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ನಮ್ಮ ಸೋದರಮಾವನ ಜೊತೆ ಹುಬ್ಬಳ್ಳಿಯಲ್ಲಿ ಮೀಟರ್ ಗೇಜ್ ಗಾಡಿ ಹತ್ತಿದೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕ್ಯಾಸಲ್‌ರಾಕಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಯಾಕೆ ಮಾಮ ಅಂದರೆ, "ಬ್ರೇಕ್ ನೋಡ್ತಾರೆ ಕಣೋ. ಇಲ್ಲಿಂದ ಕೆಳಗೆ ಬ್ರೇಕೇ ದೇವರು" ಅಂದ. ಸುಳ್ಳಲ್ಲ. ಕ್ಯಾಸಲ್‌ರಾಕಿನಿಂದ ಕುಳೆವರೆಗೆ ಸುಮಾರು 26 ಕಿಲೋಮೀಟರ್ ಘಟ್ಟ, ಇಳಿಜಾರು 37ಕ್ಕೆ ಒಂದು. ಅಂದರೆ 37 ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಕೆಳಗೆ. ಹತ್ತುವಾಗ ಹಿಂದಿನಿಂದಲೂ ಎಂಜಿನ್ನು ಕಟ್ಟಿ ನೂಕಬೇಕು. ನಡುವೆ ಸುರಂಗದ ಮೇಲೆ ಸುರಂಗ, ಆಮೇಲೆ ಒಮ್ಮೆಲೇ ದೂಧಸಾಗರ. 310 ಮೀಟರಿನ ಜಲಪಾತ, ಅದರ ಎದೆಯ ಮೇಲೇ ರೈಲಿನ ಸೇತುವೆ. ನೀರಿನ ಹನಿ ಮುಖಕ್ಕೆ ಸಿಡಿಯಿತು. ವರ್ಷಕ್ಕೆ ನಾಲ್ಕು ಮಳೆ ಕಂಡರೆ ಹೆಚ್ಚು ಅನ್ನುವ ಊರಿನವನು ನಾನು, ಬಾಯಿ ಬಿಟ್ಟುಕೊಂಡು ಕೂತೆ.

ಇಷ್ಟು ಕಷ್ಟಪಟ್ಟು ಹಾಕಿದ ಹಳಿಗೆ ನಮ್ಮ ಹತ್ತಿ ಎಣಿಸಿದಷ್ಟು ಬರಲಿಲ್ಲ. ಬೆಳಗಾವಿ ಮೇಲೆ ಪುಣೆಗೆ ಹಳಿ ಆದ ಮೇಲೆ ಸರಕು ಮುಂಬೈ ಕಡೆ ತಿರುಗಿತು. ವ್ಯಾಪಾರಿಗೆ ದೊಡ್ಡ ಪೇಟೆ, ದೊಡ್ಡ ಬಂದರು ಬೇಕು. ಮುಂಬೈ ಬಿಟ್ಟು ಮಾರ್ಮಗೋವಾಕ್ಕೆ ಯಾಕೆ ಹೋದಾನು? 1892ರಲ್ಲಿ ಒಪ್ಪಂದದ ಅವಧಿ ಮುಗಿದು ಸುಂಕದ ಕಟ್ಟೆಗಳು ಮತ್ತೆ ಬಂದವು. ಕ್ಯಾಸಲ್‌ರಾಕಿನಲ್ಲಿ ಇವರ ತಪಾಸಣೆ, ಕುಳೆಯಲ್ಲಿ ಅವರ ತಪಾಸಣೆ. ನಷ್ಟ ತಾಳಲಾರದೆ 1902ರ ಹೊತ್ತಿಗೆ ಗಾಡಿ ಓಡಿಸುವ ಕೆಲಸವನ್ನೇ ಸದರ್ನ್ ಮರಾಠಾದವರಿಗೆ ಒಪ್ಪಿಸಿದರು. ನಮ್ಮ ಕಡೆ ಚೆಕ್‌ಪೋಸ್ಟಿನಲ್ಲಿ ಮೆಣಸಿನಕಾಯಿ ಲಾರಿ ನಿಲ್ಲಿಸಿಕೊಂಡು ರಾತ್ರಿ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಕು ಕಡಿಮೆಯಾದರೂ ಚರಿತ್ರೆ ಆ ಸ್ಟೇಷನ್ನುಗಳನ್ನು ಬಿಡಲಿಲ್ಲ. 1946ರ ಜೂನ್ 18ರಂದು ಮಡಗಾಂವಿನಲ್ಲಿ ಸಭೆ ಮಾಡಿ ಗೋವಾದ ಬಾಯಿ ಬಿಡಿಸಿದ ರಾಮಮನೋಹರ ಲೋಹಿಯಾ ಸೆಪ್ಟೆಂಬರಿನಲ್ಲಿ ಮತ್ತೆ ಬಂದಾಗ, ಪೋರ್ಚುಗೀಸರು ಅವರನ್ನು ಹಿಡಿದದ್ದು ಇದೇ ಕುಳೆ ಸ್ಟೇಷನ್ನಿನಲ್ಲಿ. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ನಾಲ್ಕಾರು ಕಡೆಯಿಂದ ಗಡಿ ದಾಟಿದರು, ಕ್ಯಾಸಲ್‌ರಾಕ್ ಕಡೆಯಿಂದಲೂ ಹೋದರು. ಆ ದಿನ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು. ಗಡಿ ಮುಚ್ಚಿತು, ರೈಲೂ ನಿಂತಿತು. ಹಳಿಯ ಮೇಲೆ ಹುಲ್ಲು ಬೆಳೆಯಿತು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದ ಮೇಲೆಯೇ ಆ ಮಾರ್ಗ ಭಾರತೀಯ ರೈಲ್ವೆಗೆ ಸೇರಿ ಮತ್ತೆ ಜೀವ ಬಂದದ್ದು.

1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದು ಮಡಗಾಂವಿನಲ್ಲಿ ನಮ್ಮ ಹಳಿಯನ್ನು ಕೂಡಿತು. ಆ ಕಥೆ ದೊಡ್ಡದು, ಇನ್ನೊಮ್ಮೆ ಬರೆಯುವೆ. ನಮಗೆ ತಟ್ಟಿದ್ದು ಅದಿರು. 2000ದ ನಂತರ ಚೀನಾಕ್ಕೆ ಬೇಡಿಕೆ ಏರಿದಾಗ ಬಳ್ಳಾರಿ, ಹೊಸಪೇಟೆ, ಸಂಡೂರಿನ ಅದಿರು ಸಿಕ್ಕಿದ ಬಂದರಿಗೆಲ್ಲ ಓಡಿತು, ಮಾರ್ಮಗೋವಾಕ್ಕೂ. ಹತ್ತಿ ಗಿಡದ ಮೇಲೆ ಕೆಂಪು ಧೂಳು ಕೂತು ಕಾಯಿ ಯಾವುದು ಎಲೆ ಯಾವುದು ತಿಳಿಯುತ್ತಿರಲಿಲ್ಲ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ತಡೆಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಈಗ ಸರಕು ಉಲ್ಟಾ ತಿರುಗಿದೆ. ಹಡಗಿನಲ್ಲಿ ಮಾರ್ಮಗೋವಾಕ್ಕೆ ಬಂದಿಳಿದ ಕಲ್ಲಿದ್ದಲು ಘಟ್ಟ ಹತ್ತಿ ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಬರುತ್ತದೆ. ನಾವು ಕೆಂಪು ಧೂಳು ಕುಡಿದೆವು, ವಾಸ್ಕೋದವರು ಕರಿ ಧೂಳು ಕುಡಿಯುತ್ತಿದ್ದಾರೆ. ಅಲ್ಲಿನ ಬಾಯ್ನಾದಲ್ಲಿ, ಝುವಾರಿನಗರದಲ್ಲಿ ನಮ್ಮ ಗದಗ, ಕೊಪ್ಪಳ, ಬಾಗಲಕೋಟೆಯವರೇ ಎಷ್ಟೋ ಜನ ಇದ್ದಾರೆ ಅನ್ನುವುದನ್ನೂ ಮರೆಯಬಾರದು.

ಘಟ್ಟದಲ್ಲಿ ಇನ್ನೊಂದು ಹಳಿ ಹಾಕಬೇಕೋ ಬೇಡವೋ ಅನ್ನುವುದು ಈಗಿನ ಜಗಳ. 2020ರ ನವೆಂಬರ್ 1ರ ರಾತ್ರಿ ಗೋವಾದ ಚಾಂದೋರಿನಲ್ಲಿ ಜನ ಹಳಿಯ ಮೇಲೆ ಬಂದು ಕೂತರು. 2021ರಲ್ಲಿ ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ ಜೋಡಿ ಹಳಿಗೆ ಕೊಟ್ಟ ಅನುಮತಿ ರದ್ದು ಮಾಡಿ ಅಂದಿತು. ಇಷ್ಟು ಕಡಿದಾದ ದಾರಿಯಲ್ಲಿ ಇನ್ನೊಂದು ಹಳಿ ಯಾಕೆ ಬೇಕು ಅನ್ನುವುದಕ್ಕೆ ಸರಿಯಾದ ಕಾರಣ ಕೊಟ್ಟಿಲ್ಲ ಎಂಬುದು ಅದರ ಮಾತು. 2022ರ ಮೇ 9ರಂದು ಕೋರ್ಟು, ಕ್ಯಾಸಲ್‌ರಾಕಿನಿಂದ ಕುಳೆವರೆಗಿನ ಕಾಡಿನ ತುಂಡಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ತೆಗೆದುಹಾಕಿತು. ಕಾಡಿಗೆ ಆಗುವ ಕೇಡನ್ನು ಸರಿಯಾಗಿ ಅಳೆದು ಮತ್ತೆ ಕೇಳಬಹುದು ಅಂತಲೂ ಹೇಳಿತು.

ಬಳ್ಳಾರಿಯ ನನ್ನ ವ್ಯಾಪಾರಿ ಗೆಳೆಯರು ಇದಕ್ಕೆ ಸಿಡಿಮಿಡಿ ಮಾಡುತ್ತಾರೆ. "ಜೋಡಿ ಹಳಿ ಆದ್ರೆ ನಮಗೇ ಅಲ್ಲೇನಣ್ಣಾ ಒಳ್ಳೇದು?" ಅಂತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನನ್ನ ಮೆಣಸಿನಕಾಯಿ ಚೀಲ ಒಂದಾದರೂ ಆ ಘಟ್ಟ ಇಳಿದದ್ದನ್ನು ನಾನು ಕಂಡಿಲ್ಲ. ಕಾರ್ಖಾನೆ ನಡೆಯಬೇಕು, ಊರ ಹುಡುಗರು ಅಲ್ಲೇ ದುಡಿಯುತ್ತಾರೆ, ಒಪ್ಪುತ್ತೇನೆ. ಆದರೆ ರೈತನ ಹೆಸರು ಹೇಳಿ ಘಟ್ಟ ಕಡಿಯುವುದು ಬೇಡ.

ಹೋದ ವರ್ಷ ವಾಸ್ಕೋದಿಂದ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತಿದ್ದೆ. ಮಡಗಾಂವಿನಲ್ಲಿ ಹತ್ತಿದ ಒಬ್ಬರು ನನ್ನ ಪಕ್ಕ ಕೂತರು. ನನ್ನ ವಯಸ್ಸಿನವರೇ, ಚಾಂದೋರು ಕಡೆಯ ಗದ್ದೆಯವರು. ನನ್ನ ಮುರುಕು ಹಿಂದಿ, ಅವರ ಮುರುಕು ಹಿಂದಿ, ಇಬ್ಬರದೂ ಚೆನ್ನಾಗಿ ಕೂಡಿತು. ಈ ಹಳಿ ನಮ್ಮ ಹತ್ತಿಗೆ ಹಾಕಿದ್ದು ಅಂತ ನಾನು ಜಂಬ ಕೊಚ್ಚಿದೆ. ಅವರು ಹೊರಗೆ ನಿಂತಿದ್ದ ಕಲ್ಲಿದ್ದಲಿನ ವ್ಯಾಗನ್ನುಗಳ ಕಡೆ ನೋಡಿ, "ಹಾಗಾದರೆ ನಿಮ್ಮ ಹತ್ತಿ ಈಗ ಯಾವುದರಲ್ಲಿ ಬರುತ್ತದೆ?" ಅಂದರು.

"ಆದೋನಿ ಮಾರ್ಕೆಟ್ಟಿಗೆ ಹೋಗುತ್ತದೆ. ಲಾರಿಯಲ್ಲಿ" ಅಂದೆ.

ಅವರು ನಕ್ಕರು. ಅಷ್ಟರಲ್ಲಿ ಸಾವರ್ಡೆ ಬಂತು, ಚೀಲ ತೆಗೆದುಕೊಂಡು ಇಳಿದರು.